ಮರಿನಾಯಿಗೆ ಮೂತ್ರದ ತೊಂದರೆ: ಮಾತ್ರೆಗೆ ಮೊದಲು ಮೂತ್ರ ಪರೀಕ್ಷೆ

ವರ್ಷ ತುಂಬದ ನಾಯಿ ಮನೆಯೊಳಗೆ ಪದೇ ಪದೇ ಉಚ್ಚೆ ಹೊಯ್ದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ಒಂದೋ ‘ಇದಕ್ಕೆ ಇನ್ನೂ ಬುದ್ಧಿ ಬಂದಿಲ್ಲ’ ಎಂದು ಗದರುತ್ತಾರೆ, ಇಲ್ಲವೇ ‘ಇನ್ಫೆಕ್ಷನ್ ಆಗಿರಬೇಕು’ ಎಂದು ಹಿಂದೆ ಉಳಿದಿದ್ದ ಆಂಟಿಬಯೋಟಿಕ್ ನುಂಗಿಸುತ್ತಾರೆ. ಎರಡರಿಂದಲೂ ಕಷ್ಟಪಡುವುದು ನಾಯಿಯೇ. ಮರಿಯ ಮೂತ್ರದ ತೊಂದರೆಗೆ ಕಾರಣಗಳು ಹತ್ತಾರು, ಹೊರಗೆ ಕಾಣುವ ಲಕ್ಷಣಗಳು ಮಾತ್ರ ನಾಲ್ಕೋ ಐದೋ. ಒಂದೇ ಲಕ್ಷಣದ ಹಿಂದೆ ಸೋಂಕೂ ಇರಬಹುದು, ಕಲ್ಲೂ ಇರಬಹುದು, ಹುಟ್ಟಿನಿಂದ ಬಂದ ದೋಷವೂ ಇರಬಹುದು. ಆದ್ದರಿಂದ ಮೊದಲು ಗಮನವಿಟ್ಟು ನೋಡಿ, ಅಳೆಯಿರಿ, ಮೂತ್ರವನ್ನು ಪರೀಕ್ಷೆಗೆ ಕೊಡಿ. ಔಷಧಿಯ ಮಾತು ಆಮೇಲೆ.

ಒಂದು ಸಂದರ್ಭಕ್ಕೆ ಮಾತ್ರ ಈ ನಿಧಾನ ಸಲ್ಲದು. ನಾಯಿ ಮತ್ತೆ ಮತ್ತೆ ಭಂಗಿ ಹಾಕಿ ಮುಕ್ಕುತ್ತಿದೆ, ಹನಿಯೂ ಬರುತ್ತಿಲ್ಲ ಅಥವಾ ಒಂದೆರಡು ಹನಿ ರಕ್ತ ಮಾತ್ರ ಬರುತ್ತಿದೆ ಎಂದಾದರೆ ಮೂತ್ರದ ದಾರಿ ಕಟ್ಟಿರುವ ಸಾಧ್ಯತೆ ಇದೆ. ಗಂಡು ನಾಯಿಯ ಶಿಶ್ನದೊಳಗೆ ಒಂದು ಎಲುಬು ಇರುತ್ತದೆ. ಮೂತ್ರದ ನಾಳ ಆ ಎಲುಬಿನ ಕಾಲುವೆಯಲ್ಲಿ ಹಾದುಹೋಗುವುದರಿಂದ ಅಲ್ಲಿ ಅದು ಹಿಗ್ಗಲಾರದು. ಮೂತ್ರಕೋಶದಿಂದ ಜಾರಿದ ಸಣ್ಣ ಕಲ್ಲು ಆ ಎಲುಬಿನ ಬುಡದಲ್ಲೇ ಸಿಕ್ಕಿಕೊಳ್ಳುತ್ತದೆ. ದಾರಿ ಪೂರ್ತಿ ಕಟ್ಟಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪುತ್ತದೆ. ವಾಂತಿ, ಮಂಕು, ಬಿಗಿದ ಹೊಟ್ಟೆ ಕಂಡರಂತೂ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯಾದರೂ ಹೊರಡಿ. ಹೊಟ್ಟೆ ಒತ್ತಿ ಮೂತ್ರ ಬರಿಸುವ ಪ್ರಯತ್ನ ಮನೆಯಲ್ಲಿ ಮಾಡಲೇಬೇಡಿ, ತುಂಬಿದ ಮೂತ್ರಕೋಶ ಒಡೆಯಬಹುದು.

ಉಚ್ಚೆ ಹೊಯ್ಯುವ ರೀತಿಯಲ್ಲೇ ಅರ್ಧ ಉತ್ತರ ಇದೆ

ಮೊದಲು ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿದರೆ ಬರುವಷ್ಟು ಗಂಟೆ ಅದು ಹೆಚ್ಚೆಂದರೆ ತಡೆದುಕೊಳ್ಳಬಲ್ಲದು. ಇದೊಂದು ಅಂದಾಜು, ಅಷ್ಟೆ. ಮೂರು ತಿಂಗಳ ಮರಿ ಎಚ್ಚರವಿರುವಾಗ ನಾಲ್ಕು ಗಂಟೆ ತಡೆಯಲಿ ಎಂದು ಬಯಸುವುದೂ ಅತಿಯೇ. ನಿದ್ದೆಯಿಂದ ಎದ್ದ ಕೂಡಲೇ, ಊಟವಾದ ಮೇಲೆ, ಆಟ ಮುಗಿದ ಕೂಡಲೇ ಹೊರಗೆ ಕರೆದೊಯ್ಯಬೇಕು. ನಾಲ್ಕರಿಂದ ಆರು ತಿಂಗಳ ಹೊತ್ತಿಗೆ ಹಿಡಿತ ಬರುತ್ತದೆ. ಹೊರಗೇ ಹೋಗುವುದನ್ನು ಚೆನ್ನಾಗಿ ಕಲಿತಿದ್ದ ಮರಿ ಇದ್ದಕ್ಕಿದ್ದಂತೆ ಒಳಗೆ ಶುರುಮಾಡಿದರೆ ಅದನ್ನು ತರಬೇತಿಯ ಕೊರತೆ ಎಂದುಕೊಳ್ಳಬೇಡಿ. ಕಾಯಿಲೆ ಇಲ್ಲ ಎಂದು ಖಚಿತವಾಗುವವರೆಗೆ ಅದು ಕಾಯಿಲೆಯೇ.

ಇನ್ನು ರೀತಿ. ಸ್ವಲ್ಪ ಸ್ವಲ್ಪವಾಗಿ, ಹತ್ತಾರು ಬಾರಿ, ಮುಕ್ಕುತ್ತಾ, ಕೊನೆಗೆ ತುಸು ರಕ್ತ: ತೊಂದರೆ ಇರುವುದು ಮೂತ್ರಕೋಶದಲ್ಲಿ ಅಥವಾ ಅದರ ಕೆಳಗೆ. ಪ್ರತಿ ಬಾರಿಯೂ ದೊಡ್ಡ ಮಡು ನಿಲ್ಲುವಷ್ಟು ತಿಳಿ ಮೂತ್ರ, ಜೊತೆಗೆ ಸದಾ ನೀರಿನ ಬಟ್ಟಲಿನ ಬಳಿಯೇ ಠಿಕಾಣಿ: ಇದು ಮೂತ್ರಕೋಶದ ಮಾತಲ್ಲ. ಕಿಡ್ನಿ, ಹಾರ್ಮೋನು, ಯಕೃತ್ತು, ಸಕ್ಕರೆ ಕಾಯಿಲೆ ಎಂದು ಬೇರೆ ಕಡೆ ಹುಡುಕಬೇಕು. ನಾಯಿಗೆ ಗೊತ್ತೇ ಇಲ್ಲದಂತೆ ಮಲಗಿದಲ್ಲಿ, ನಡೆದಲ್ಲಿ ಸೋರುವುದು ಇನ್ನೊಂದು ಬಗೆ. ಪುಟ್ಟ ಹೆಣ್ಣುಮರಿ ಮನೆಗೆ ಬಂದ ದಿನದಿಂದಲೂ ಬಾಲದ ಕೆಳಗೆ ಒದ್ದೆ, ಮಲಗಿ ಎದ್ದ ಜಾಗದಲ್ಲಿ ಒದ್ದೆ ಎಂದರೆ ಕಿಡ್ನಿಯಿಂದ ಬರುವ ನಾಳ ಮೂತ್ರಕೋಶಕ್ಕೆ ಸೇರದೆ ಅದರಾಚೆ ತೆರೆದುಕೊಂಡಿರುವ ಜನ್ಮದೋಷವನ್ನು ಯೋಚಿಸಬೇಕು. ಇದನ್ನು ಎಕ್ಟೋಪಿಕ್ ಯುರೇಟರ್ ಎನ್ನುತ್ತಾರೆ. ಗೋಲ್ಡನ್ ರಿಟ್ರೀವರ್, ಲ್ಯಾಬ್ರಡಾರ್, ಸೈಬೀರಿಯನ್ ಹಸ್ಕಿ, ನ್ಯೂಫೌಂಡ್‌ಲ್ಯಾಂಡ್ ತಳಿಗಳಲ್ಲಿ ಹೆಚ್ಚು ಕಾಣುತ್ತದೆ. ಒಂದೇ ಬದಿಯ ನಾಳ ತಪ್ಪಿದ್ದರೆ ಮರಿ ಸರಿಯಾಗಿಯೂ ಉಚ್ಚೆ ಹೊಯ್ಯುತ್ತದೆ, ಜೊತೆಗೆ ಸೋರುತ್ತಲೂ ಇರುತ್ತದೆ. ಹಾಗಾಗಿಯೇ ತಿಂಗಳುಗಟ್ಟಲೆ ‘ತರಬೇತಿ ಸಾಲದು’ ಎಂಬ ಹಣೆಪಟ್ಟಿ ಹೊತ್ತು ಬೈಸಿಕೊಳ್ಳುವ ಮರಿಗಳಿವೆ. ಕ್ಯಾಮೆರಾ ಇರುವ ಸಣ್ಣ ಕೊಳವೆ ಹಾಕಿ ಒಳಗೆ ನೋಡಿ ಅಥವಾ ಸಿಟಿ ಸ್ಕ್ಯಾನ್ ಮಾಡಿ ಇದನ್ನು ಪತ್ತೆಹಚ್ಚುತ್ತಾರೆ. ಲೇಸರ್ ಅಥವಾ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಲು ಸಾಧ್ಯ. ಆ ಬಳಿಕವೂ ಕೆಲವು ನಾಯಿಗಳಿಗೆ ಸೋರುವಿಕೆಗೆ ಮಾತ್ರೆ ಬೇಕಾಗುತ್ತದೆ.

ಯಾರಾದರೂ ಮನೆಗೆ ಬಂದಾಗ, ಬಗ್ಗಿ ತಲೆ ಸವರಿದಾಗ, ಗದರಿದಾಗ ಮಾತ್ರ ಕಿವಿ ಹಿಂದಕ್ಕೆ ಮಾಡಿ ಒಂದಿಷ್ಟು ಬಿಡುವ ಮರಿಗೆ ಕಾಯಿಲೆ ಇಲ್ಲ. ಅದು ಅಂಜಿಕೆ ಅಥವಾ ಸಂಭ್ರಮ. ಬಂದವರು ಎದುರಿಗೆ ಬಗ್ಗದೆ ಪಕ್ಕಕ್ಕೆ ತಿರುಗಿ ಕುಕ್ಕರಗಾಲಲ್ಲಿ ಕುಳಿತು, ತಲೆಯ ಮೇಲಿನಿಂದ ಕೈ ತರದೆ ಎದೆಯ ಬಳಿ ಮುಟ್ಟಲಿ. ಬೈದರೆ ಅದು ಜಾಸ್ತಿಯೇ ಆಗುತ್ತದೆ. ಗಂಡುಮರಿ ಆರು ತಿಂಗಳಿನಿಂದ ವರ್ಷದೊಳಗೆ ಕಾಲೆತ್ತಿ ಅಲ್ಲಲ್ಲಿ ಗುರುತು ಹಾಕಲು ಶುರುಮಾಡುವುದೂ ಸಹಜ. ಮನೆಯೊಳಗೆ ಹಾಗಾದ ಜಾಗವನ್ನು ಎಂಜೈಮ್ ಇರುವ ಕ್ಲೀನರ್‌ನಿಂದ ಒರೆಸಿ. ಅಮೋನಿಯಾ ಇರುವುದನ್ನು ಬಳಸಿದರೆ ಅದರ ವಾಸನೆಗೆ ನಾಯಿ ಮತ್ತೆ ಅಲ್ಲಿಗೇ ಬರುತ್ತದೆ.

ಬಣ್ಣವನ್ನೂ ನೋಡಿ. ಕೆಂಪಾದದ್ದೆಲ್ಲ ರಕ್ತವಲ್ಲ. ರಕ್ತ ಹೀರುವ ಉಣ್ಣೆ ಹುಳು ಕಚ್ಚಿ ಬರುವ ರೋಗವಾದ ಬಬೀಸಿಯೋಸಿಸ್‌ನಲ್ಲಿ ಕೆಂಪು ರಕ್ತಕಣಗಳು ಒಡೆದು ಮೂತ್ರ ಕಂದುಗೆಂಪಾಗುತ್ತದೆ. ಈರುಳ್ಳಿ ಹೆಚ್ಚು ತಿಂದ ನಾಯಿಗೂ ಕೆಲವು ದಿನ ಕಳೆದು ಹೀಗೇ ಆಗುತ್ತದೆ. ಪ್ರಯೋಗಾಲಯದಲ್ಲಿ ಮೂತ್ರವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದಾಗ ಕೆಂಪು ತಳಕ್ಕಿಳಿದು ಮೇಲೆ ತಿಳಿಯಾದರೆ ರಕ್ತ. ಮೇಲಿನ ನೀರೂ ಕೆಂಪಾಗಿಯೇ ಉಳಿದರೆ ಕಣಗಳು ಒಡೆದಿವೆ ಎಂದರ್ಥ. ಆಗ ಒಸಡು ಬಿಳಚಿದೆಯೇ ನೋಡಿ. ಬಿಳಚಿದ್ದರೆ ಅದೂ ತುರ್ತೇ. ಇನ್ನು ಹೆಣ್ಣುಮರಿಯ ಮೊದಲ ಬೆದೆ ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳೊಳಗೆ ಬರುತ್ತದೆ, ದೊಡ್ಡ ತಳಿಗಳಲ್ಲಿ ಇನ್ನೂ ತಡ. ಆ ದಿನಗಳ ರಕ್ತದ ಹನಿಯನ್ನು ಮೂತ್ರದ ರಕ್ತವೆಂದು ತಿಳಿದು ಗಾಬರಿಯಾಗುವವರು ಬಹಳ. ಯೋನಿ ಊದಿಕೊಂಡಿದೆಯೇ ನೋಡಿದರೆ ಗೊತ್ತಾಗುತ್ತದೆ.

ನೀರಿನ ಲೆಕ್ಕ

‘ತುಂಬಾ ನೀರು ಕುಡಿಯುತ್ತದೆ’ ಎಂಬ ಮಾತು ವೈದ್ಯರಿಗೆ ಉಪಯೋಗಕ್ಕೆ ಬರುವುದಿಲ್ಲ, ಅಂಕಿ ಬೇಕು. ಒಣ ಆಹಾರ ತಿನ್ನುವ ನಾಯಿ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 40ರಿಂದ 60 ಮಿಲಿ ನೀರು ಕುಡಿಯುತ್ತದೆ. 100 ಮಿಲಿ ದಾಟಿದರೆ ಅಸಹಜ. 10 ಕಿಲೋ ನಾಯಿಗೆ ಅರ್ಧ ಲೀಟರಿನ ಆಸುಪಾಸು ಸರಿ, ಒಂದು ಲೀಟರ್ ಮೀರಿದರೆ ಪರೀಕ್ಷೆ ಬೇಕು. ಬೆಳಗ್ಗೆ ಅಳತೆಯ ಪಾತ್ರೆಯಲ್ಲಿ ನೀರು ಹಿಡಿದಿಟ್ಟು, ದಿನವಿಡೀ ಬಟ್ಟಲಿಗೆ ಅದರಿಂದಲೇ ಸುರಿಯುತ್ತಾ ಹೋಗಿ. ಮರುದಿನ ಅದೇ ಹೊತ್ತಿಗೆ ಬಟ್ಟಲಲ್ಲೂ ಪಾತ್ರೆಯಲ್ಲೂ ಉಳಿದದ್ದನ್ನು ಕಳೆಯಿರಿ. ಮೂರು ದಿನದ ಸರಾಸರಿ ತೆಗೆದರೆ ನಂಬಬಹುದು. ಮನೆಯಲ್ಲಿ ಬೇರೆ ಪ್ರಾಣಿ ಇದ್ದರೆ ಬಟ್ಟಲು ಬೇರೆ ಮಾಡಬೇಕು, ಬಚ್ಚಲಿನ ಬಕೆಟ್ ಮುಚ್ಚಬೇಕು. ತುರಿಕೆಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಡುತ್ತಿದ್ದರೆ ಬಾಯಾರಿಕೆ ಅದರಿಂದಲೇ ಹೆಚ್ಚಿರಬಹುದು, ವೈದ್ಯರಿಗೆ ಹೇಳಿ.

ಉಚ್ಚೆ ಕಡಿಮೆಯಾಗಲಿ ಎಂದು ನೀರನ್ನು ಎತ್ತಿಡುವುದು ಮಾತ್ರ ಅಪಾಯ. ಮೂತ್ರವನ್ನು ಗಟ್ಟಿ ಮಾಡಲಾರದ ಕಿಡ್ನಿ ಇರುವ ಮರಿ ಅರ್ಧ ದಿನದಲ್ಲಿ ಒಣಗಿಹೋಗುತ್ತದೆ. ಷಿಹ್ ತ್ಸು, ಲಾಸಾ ಆಪ್ಸೊದಂಥ ತಳಿಗಳಲ್ಲಿ ಕಿಡ್ನಿ ಸರಿಯಾಗಿ ಬೆಳೆಯದೆ ಹುಟ್ಟುವ ಮರಿಗಳು ಇರುತ್ತವೆ. ಒಡಹುಟ್ಟಿದವುಗಳಿಗಿಂತ ಸಣ್ಣಗಿದ್ದು, ಊಟ ಬೇಡವೆನ್ನುತ್ತಾ ನೀರು ಮಾತ್ರ ಕುಡಿಯುವ ಮರಿಯ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಲ್ಮಶ) ಎಷ್ಟಿದೆ ಎಂದು ನೋಡಿಸಲೇಬೇಕು.

ಮಾದರಿ ಹಿಡಿಯುವುದು

ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ಇಲ್ಲಿಯೇ. ಬೆಳಗಿನ ಮೊದಲ ಮೂತ್ರ ಉತ್ತಮ. ರಾತ್ರಿಯಿಡೀ ನಿಂತು ಗಟ್ಟಿಯಾಗಿರುವುದರಿಂದ ಕಿಡ್ನಿಯ ಶಕ್ತಿ ಅದರಲ್ಲೇ ಚೆನ್ನಾಗಿ ತಿಳಿಯುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಸ್ಟೆರೈಲ್ ಮೂತ್ರದ ಡಬ್ಬಿ ತನ್ನಿ. ಉಪ್ಪಿನಕಾಯಿಯ ಶೀಶೆ, ಮೊಸರಿನ ಡಬ್ಬಿ ಎಷ್ಟು ತೊಳೆದರೂ ಬೇಡ. ಬ್ಲೀಚಿನ ಅಂಶ ಉಳಿದಿದ್ದರೆ, ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಪರೀಕ್ಷಾ ಪಟ್ಟಿ ಇಲ್ಲದ ರಕ್ತವನ್ನೂ ಇಲ್ಲದ ಸಕ್ಕರೆಯನ್ನೂ ತೋರಿಸುತ್ತದೆ.

ಗಂಡಿಗೆ ಉದ್ದ ಹಿಡಿಯ ಸ್ಟೀಲ್ ಸೌಟು, ಹೆಣ್ಣಿಗೆ ಅಂಚು ತಗ್ಗಿರುವ ಚಪ್ಪಟೆ ತಟ್ಟೆ. ಎರಡನ್ನೂ ಹಿಂದಿನ ದಿನವೇ ಕುದಿಯುವ ನೀರಲ್ಲಿ ಅದ್ದಿ ಒಣಗಿಸಿಡಿ. ನಾಯಿಗೆ ಚಿಕ್ಕ ಬೆಲ್ಟ್ ಹಾಕಿ ಹತ್ತಿರವೇ ಇಟ್ಟುಕೊಳ್ಳಿ. ಅದು ಕುಳಿತ ಕೂಡಲೇ ತಟ್ಟೆ ತೂರಿಸಿದರೆ ಬೆಚ್ಚಿ ಎದ್ದುಬಿಡುತ್ತದೆ. ಧಾರೆ ಶುರುವಾಗಲಿ, ಮೊದಲ ಕ್ಷಣದ ಮೂತ್ರ ನೆಲಕ್ಕೆ ಹೋಗಲಿ, ಆಮೇಲೆ ಹಿಂದಿನಿಂದ ಮೆಲ್ಲಗೆ ತಟ್ಟೆ ಸರಿಸಿ. ಮೊದಲ ಹನಿಗಳಲ್ಲಿ ಚರ್ಮದ, ಕೂದಲಿನ ಕೊಳೆ ತೊಳೆದು ಬರುತ್ತದೆ, ಅದು ಬೇಡ. 5 ಮಿಲಿ ಸಿಕ್ಕರೆ ಸಾಕು. ಕೈಗೆ ಗ್ಲೌಸ್ ಇರಲಿ. ನೆಲದಿಂದ ಸಿರಿಂಜಿನಲ್ಲಿ ಎಳೆದದ್ದು, ಬಟ್ಟೆಯಿಂದ ಹಿಂಡಿದ್ದು ಪರೀಕ್ಷೆಗೆ ನಾಲಾಯಕ್ಕು.

ಅರ್ಧ ಗಂಟೆಯೊಳಗೆ ಕೊಡಲಾದರೆ ಹಾಗೆಯೇ ಒಯ್ಯಿರಿ. ಆಗದಿದ್ದರೆ ಫ್ರಿಜ್ಜಿನಲ್ಲಿಟ್ಟು ಅದೇ ದಿನ ತಲುಪಿಸಿ, ಹಿಡಿದ ಹೊತ್ತನ್ನು ಡಬ್ಬಿಯ ಮೇಲೆ ಬರೆಯಿರಿ. ಹೊರಗೇ ಇಟ್ಟರೆ ಬ್ಯಾಕ್ಟೀರಿಯಾ ಬೆಳೆದು ಪಿಎಚ್ ಏರುತ್ತದೆ. ಫ್ರಿಜ್ಜಿನಲ್ಲಿಟ್ಟರೆ ತಂಪಿಗೆ ಹೊಸದಾಗಿ ಹರಳುಗಳು ಮೂಡುತ್ತವೆ. ‘ಹರಳು ಇದೆ’ ಎಂಬ ವರದಿ ಬಂದಾಗ ಮಾದರಿ ಫ್ರಿಜ್ಜಿನಲ್ಲಿತ್ತೇ ಎಂದು ಕೇಳುವುದು ಅದಕ್ಕೇ.

ಆದರೆ ಕಲ್ಚರ್‌ಗೆ (ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಹೀಗೆ ಹಿಡಿದ ಮೂತ್ರ ಸಾಲದು, ಹೊರಗಿನ ಬ್ಯಾಕ್ಟೀರಿಯಾ ಸೇರಿಕೊಂಡಿರುತ್ತದೆ. ವೈದ್ಯರು ಅಲ್ಟ್ರಾಸೌಂಡ್ ನೋಡುತ್ತಾ ಹೊಟ್ಟೆಯ ಮೂಲಕ ಸಣ್ಣ ಸೂಜಿ ಹಾಕಿ ಮೂತ್ರಕೋಶದಿಂದಲೇ ನೇರವಾಗಿ ತೆಗೆಯುತ್ತಾರೆ. ಕೇಳಲು ಭಯವಾದರೂ ಇಂಜೆಕ್ಷನ್ ಚುಚ್ಚಿದಷ್ಟೇ ನೋವು. ಮೂತ್ರಕೋಶ ತುಂಬಿರಬೇಕು, ಆದ್ದರಿಂದ ಆಸ್ಪತ್ರೆಯ ಬಾಗಿಲಲ್ಲಿ ಮರಕ್ಕೆ ಹೊಯ್ಯಲು ಬಿಡಬೇಡಿ. ಒಂದೇ ಒಂದು ಡೋಸ್ ಆಂಟಿಬಯೋಟಿಕ್ ಬಿದ್ದಿದ್ದರೂ ಕಲ್ಚರ್ ಸುಳ್ಳು ಹೇಳಬಹುದು. ಮಾದರಿ ಮೊದಲು, ಮಾತ್ರೆ ಆಮೇಲೆ.

ವರದಿಯಲ್ಲಿ ಏನನ್ನು ನೋಡಬೇಕು

ಮೊದಲು ಸ್ಪೆಸಿಫಿಕ್ ಗ್ರಾವಿಟಿ, ಅಂದರೆ ನೀರಿಗೆ ಹೋಲಿಸಿದರೆ ಮೂತ್ರ ಎಷ್ಟು ಗಟ್ಟಿ ಎಂಬ ಅಳತೆ. 1.030 ದಾಟಿದ್ದರೆ ಕಿಡ್ನಿ ಮೂತ್ರವನ್ನು ಚೆನ್ನಾಗಿ ಗಟ್ಟಿ ಮಾಡುತ್ತಿದೆ. ಮತ್ತೆ ಮತ್ತೆ 1.008ರಿಂದ 1.012ರ ನಡುವೆಯೇ ನಿಂತರೆ ರಕ್ತ ಪರೀಕ್ಷೆ ಬೇಕು. ಈ ಸಂಖ್ಯೆಯನ್ನು ರಿಫ್ರ್ಯಾಕ್ಟೋಮೀಟರ್ ಎಂಬ ಉಪಕರಣದಲ್ಲೇ ನೋಡಿರಬೇಕು, ಪಟ್ಟಿಯ ಮೇಲಿನ ಚೌಕವನ್ನು ನಂಬುವಂತಿಲ್ಲ. ಬಿಳಿ ರಕ್ತಕಣದ ಚೌಕ, ನೈಟ್ರೈಟ್ ಚೌಕ ಎರಡೂ ಮನುಷ್ಯರಿಗಾಗಿ ಮಾಡಿದ್ದು, ನಾಯಿಯಲ್ಲಿ ಅವು ಭರವಸೆಗೆ ಬರುವುದಿಲ್ಲ. ಸೋಂಕು ಇದೆಯೇ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ಬಿಳಿಕಣ, ಬ್ಯಾಕ್ಟೀರಿಯಾ ನೋಡಿ, ಕಲ್ಚರ್ ಮಾಡಿ ಹೇಳಬೇಕು. ಗಟ್ಟಿ ಮೂತ್ರದಲ್ಲಿ ತುಸು ಬಿಲಿರುಬಿನ್ (ಪಿತ್ತದ ಹಳದಿ ಬಣ್ಣ) ಕಂಡರೆ, ಅದೂ ಗಂಡು ನಾಯಿಯಲ್ಲಿ, ಹೆದರಬೇಕಾಗಿಲ್ಲ. ಸಕ್ಕರೆ ಕಂಡರೆ ಮಾತ್ರ ಅಂದೇ ರಕ್ತದ ಸಕ್ಕರೆ ನೋಡಿಸಿ.

ಮರಿಗಳ ಮೂತ್ರದ ಸೋಂಕಿಗೆ ಹೆಚ್ಚಾಗಿ ಕಾರಣ ಇ. ಕೋಲೈ ಎಂಬ ಬ್ಯಾಕ್ಟೀರಿಯಾ. ಬೇರೇನೂ ತೊಡಕಿಲ್ಲದ ಮೊದಲ ಸೋಂಕಿಗೆ ಅಮಾಕ್ಸಿಸಿಲಿನ್‌ನಂಥ ಸರಳ ಔಷಧಿ ಮೂರರಿಂದ ಐದು ದಿನ ಸಾಕು ಎಂಬುದು ಈಗಿನ ಪಶುವೈದ್ಯಕೀಯ ಮಾರ್ಗಸೂಚಿಗಳ ನಿಲುವು. ಹಿಂದೆ ಎರಡು ವಾರ ಕೊಡುತ್ತಿದ್ದರು. ವೈದ್ಯರು ಹೇಳಿದಷ್ಟು ದಿನ ತಪ್ಪದೆ ಕೊಡಿ, ಹೆಚ್ಚೂ ಬೇಡ, ಕಡಿಮೆಯೂ ಬೇಡ. 48 ಗಂಟೆಯಲ್ಲಿ ಗೆಲುವು ಕಾಣದಿದ್ದರೆ ಫೋನ್ ಮಾಡಿ. ಲಕ್ಷಣವೇ ಇಲ್ಲದ ನಾಯಿಯ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಕಂಡರೆ ಸಾಮಾನ್ಯವಾಗಿ ಔಷಧಿ ಬೇಕಾಗುವುದಿಲ್ಲ.

ಬೆಳೆಯುವ ಮರಿಗೆ ಎನ್ರೋಫ್ಲಾಕ್ಸಾಸಿನ್ ಗುಂಪಿನ ಔಷಧಿ ಕೊಡುವ ಮುನ್ನ ವೈದ್ಯರು ಎರಡು ಬಾರಿ ಯೋಚಿಸುತ್ತಾರೆ, ಅದು ಕೀಲಿನ ಮೃದ್ವಸ್ಥಿಗೆ ಪೆಟ್ಟು ಮಾಡುತ್ತದೆ. ಸಣ್ಣ ಮಧ್ಯಮ ತಳಿಗಳಿಗೆ ಎಂಟು ತಿಂಗಳವರೆಗೆ, ದೊಡ್ಡ ತಳಿಗೆ ವರ್ಷದವರೆಗೆ, ದೈತ್ಯ ತಳಿಗೆ ಒಂದೂವರೆ ವರ್ಷದವರೆಗೆ ಈ ಎಚ್ಚರ ಬೇಕು. ಬೇರೆ ನಾಯಿಗೆ ಬರೆದ ಮಾತ್ರೆಯನ್ನು ನಿಮ್ಮ ಮರಿಗೆ ಕೊಡಬಾರದು ಎನ್ನುವುದಕ್ಕೆ ಈ ಒಂದು ಕಾರಣವೇ ಸಾಕು.

ಆರು ತಿಂಗಳಲ್ಲಿ ಎರಡು ಬಾರಿ ಅಥವಾ ವರ್ಷದಲ್ಲಿ ಮೂರು ಬಾರಿ ಸೋಂಕು ಮರುಕಳಿಸಿದರೆ ಇನ್ನೊಂದು ಕೋರ್ಸ್ ಆಂಟಿಬಯೋಟಿಕ್ ಉತ್ತರವಲ್ಲ. ಒಳಗೆ ಯಾವುದೋ ಕಾರಣ ಅಡಗಿದೆ, ಅದನ್ನು ಹುಡುಕಬೇಕು: ಕಲ್ಲು, ಜನ್ಮದೋಷ, ಅಥವಾ ಹೆಣ್ಣಿನಲ್ಲಿ ಯೋನಿಯ ತುಟಿ ಚರ್ಮದ ಮಡಿಕೆಯೊಳಗೆ ಹೂತಿರುವುದು. ಈ ಮಡಿಕೆಯನ್ನು ಬೆರಳಿನಿಂದ ಬಿಡಿಸಿ ನೋಡಿ. ಕೆಂಪಾಗಿ, ತೇವವಾಗಿ, ಕಮಟು ವಾಸನೆಯಿದ್ದರೆ ಸೋಂಕಿನ ಮೂಲ ಅಲ್ಲೇ ಇರಬಹುದು. ಪರಿಮಳ, ಸೋಪು ಇಲ್ಲದ ಒದ್ದೆ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸುವುದು ದಿನದ ಕೆಲಸವಾಗಬೇಕು. ತೂಕ ಹೆಚ್ಚಿದಷ್ಟೂ ಮಡಿಕೆ ಆಳವಾಗುತ್ತದೆ. ಮೊದಲ ಬೆದೆಯ ನಂತರ ಎಷ್ಟೋ ಮರಿಗಳಲ್ಲಿ ಇದು ತಾನಾಗಿ ತಿದ್ದಿಕೊಳ್ಳುತ್ತದೆ. ಬೆದೆಗೆ ಮುನ್ನ ಕಾಣುವ ಮರಿಗಳ ಯೋನಿಯುರಿತವೂ ಹಾಗೆಯೇ. ಇಂಥ ಮರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಒಂದು ಬೆದೆ ಕಳೆಯುವವರೆಗೆ ಮುಂದೂಡುವುದು ಒಳ್ಳೆಯದು. ದೊಡ್ಡ ತಳಿಯ ಹೆಣ್ಣಿಗೆ ತೀರಾ ಬೇಗ ಆ ಶಸ್ತ್ರಚಿಕಿತ್ಸೆ ಮಾಡಿದರೆ ಮುಂದೆ ನಿದ್ದೆಯಲ್ಲಿ ಮೂತ್ರ ಸೋರುವ ಸಾಧ್ಯತೆ ಹೆಚ್ಚುತ್ತದೆ. ಮಾಡಿಸದೇ ಬಿಟ್ಟರೆ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯ ಪ್ರತಿ ಬೆದೆಯ ನಂತರವೂ ಇರುತ್ತದೆ. ಬೆದೆಯಾಗಿ ನಾಲ್ಕರಿಂದ ಎಂಟು ವಾರಕ್ಕೆ ಬಾಯಾರಿಕೆ, ಮಂಕು, ವಾಂತಿ ಕಂಡರೆ ಮೊದಲು ಅದನ್ನೇ ನೋಡಿಸಿ.

ಕಲ್ಲು

ಎಳೆಯ ಹೆಣ್ಣು ನಾಯಿಯಲ್ಲಿ ಹೆಚ್ಚಾಗಿ ಸಿಗುವುದು ಸ್ಟ್ರುವೈಟ್ ಎಂಬ ಬಗೆಯ ಕಲ್ಲು. ಸ್ಟೆಫಿಲೋಕಾಕಸ್, ಪ್ರೋಟಿಯಸ್‌ನಂಥ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಮೂತ್ರ ಕ್ಷಾರವಾಗಿ ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಸೇರಿ ಕಲ್ಲು ಕಟ್ಟುತ್ತದೆ. ಸೋಂಕಿಗೆ ಔಷಧಿ, ಜೊತೆಗೆ ಕಲ್ಲು ಕರಗಿಸುವ ವಿಶೇಷ ಆಹಾರ ಕೊಟ್ಟರೆ ಕೆಲವು ವಾರಗಳಿಂದ ತಿಂಗಳುಗಳಲ್ಲಿ ಕರಗುತ್ತದೆ. ತಿಂಗಳಿಗೊಮ್ಮೆ ಎಕ್ಸ್‌ರೇ ಬೇಕು. ಆದರೆ ಆ ಆಹಾರದಲ್ಲಿ ಪ್ರೋಟೀನ್, ರಂಜಕ ಕಡಿಮೆ ಇರುವುದರಿಂದ ಬೆಳೆಯುವ ಮರಿಗೆ ಹೊಂದುವುದಿಲ್ಲ. ಗಂಡಿನಲ್ಲಿ ಕರಗಿ ಸಣ್ಣಗಾದ ಕಲ್ಲು ಜಾರಿ ದಾರಿ ಕಟ್ಟುವ ಭಯವೂ ಇದೆ. ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಯಾವ ಆಹಾರಕ್ಕೂ ಕರಗದು, ತೆಗೆಯಲೇಬೇಕು. ಮರಿಯಲ್ಲಿ ಯೂರೇಟ್ ಕಲ್ಲು ಸಿಕ್ಕರೆ, ಅದು ಡಾಲ್ಮೇಶಿಯನ್ ಅಲ್ಲದಿದ್ದರೆ, ಯಕೃತ್ತನ್ನು ಬಳಸಿಹೋಗುವ ರಕ್ತನಾಳ ಇದೆಯೇ ಎಂದು ಊಟಕ್ಕೆ ಮುಂಚೆ ಮತ್ತು ಎರಡು ಗಂಟೆ ನಂತರದ ಬೈಲ್ ಆಸಿಡ್ (ಪಿತ್ತಾಮ್ಲ) ರಕ್ತ ಪರೀಕ್ಷೆ ಮಾಡಿಸಿ. ಯೂರೇಟ್, ಸಿಸ್ಟೀನ್ ಕಲ್ಲುಗಳು ಸಾದಾ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು, ಅಲ್ಟ್ರಾಸೌಂಡೂ ಬೇಕು. ತೆಗೆದ ಕಲ್ಲನ್ನು ಬಿಸಾಡಬೇಡಿ, ವಿಶ್ಲೇಷಣೆಗೆ ಕಳಿಸಿದರೆ ಮಾತ್ರ ಮುಂದಿನ ಆಹಾರ ಯಾವುದೆಂದು ತೀರ್ಮಾನವಾಗುತ್ತದೆ. ಮೂತ್ರದಲ್ಲಿ ಒಂದಿಷ್ಟು ಹರಳು ಕಂಡ ಮಾತ್ರಕ್ಕೆ ಕಲ್ಲು ಇದೆ ಎಂದಲ್ಲ, ಆಹಾರ ಬದಲಿಸುವ ಅಗತ್ಯವೂ ಇಲ್ಲ.

ಆಪಲ್ ಸೈಡರ್ ವಿನೆಗರ್, ನಿಂಬೆರಸ, ಕ್ರ್ಯಾನ್‌ಬೆರಿ ಪುಡಿಗಳ ಬಗ್ಗೆ ಬಹಳ ಕೇಳಿಬರುತ್ತದೆ. ಮೊದಲ ಎರಡರಿಂದ ಕಲ್ಲು ಕರಗುವುದಿಲ್ಲ, ಸೋಂಕೂ ಹೋಗುವುದಿಲ್ಲ, ಹೊಟ್ಟೆ ಕೆಡಬಹುದು. ಕ್ರ್ಯಾನ್‌ಬೆರಿಗೆ ನಾಯಿಗಳಲ್ಲಿ ಗಟ್ಟಿ ಆಧಾರವಿಲ್ಲ. ಇವುಗಳನ್ನು ಕೊಡುತ್ತಾ ಕಳೆಯುವ ವಾರಗಳಲ್ಲೇ ಸೋಂಕು ಕಿಡ್ನಿಗೆ ಏರುತ್ತದೆ.

ಬರದಂತೆ ನೋಡಿಕೊಳ್ಳುವುದು

ಮೂತ್ರಕೋಶಕ್ಕೆ ಎಲ್ಲಕ್ಕಿಂತ ಒಳ್ಳೆಯದು ನೀರು ಮತ್ತು ಪದೇ ಪದೇ ಖಾಲಿಯಾಗುವ ಅವಕಾಶ. ಒಣ ಆಹಾರಕ್ಕೆ ಉಗುರುಬೆಚ್ಚಗಿನ ನೀರು ಬೆರೆಸಿ ಕೊಡಿ. ಒಮ್ಮೆ ಕಲ್ಲಾಗಿದ್ದ ನಾಯಿಯಲ್ಲಿ ಸ್ಪೆಸಿಫಿಕ್ ಗ್ರಾವಿಟಿ 1.020ಕ್ಕಿಂತ ಕೆಳಗಿರುವಷ್ಟು ನೀರು ಹೋಗಬೇಕು. ಬೆಳೆದ ನಾಯಿಗೂ ದಿನಕ್ಕೆ ನಾಲ್ಕೈದು ಬಾರಿ ಹೊರಗೆ ಹೋಗುವ ಅವಕಾಶ ಬೇಕು. ಸಂಪೂರ್ಣ ಆಹಾರ ತಿನ್ನುವ ಮರಿಗೆ ಮೇಲಿಂದ ಕ್ಯಾಲ್ಸಿಯಂ ಮಾತ್ರೆ ಹಾಕಬೇಡಿ, ದೊಡ್ಡ ತಳಿಗಳಲ್ಲಿ ಎಲುಬೇ ವಕ್ರವಾಗುತ್ತದೆ.

ಲಸಿಕೆಗಳಲ್ಲಿ ಮೂತ್ರಪಿಂಡಕ್ಕೆ ನೇರ ಸಂಬಂಧಿಸಿದ್ದು ಲೆಪ್ಟೋಸ್ಪೈರೋಸಿಸ್ ಎಂಬ ಬ್ಯಾಕ್ಟೀರಿಯಾ ರೋಗದ ಲಸಿಕೆ. ಇಲಿಯ ಮೂತ್ರ ಸೇರಿದ ನಿಂತ ನೀರು, ಕೆಸರು ಈ ರೋಗದ ಮೂಲ. ಕಿಡ್ನಿಯನ್ನೂ ಯಕೃತ್ತನ್ನೂ ಹಾಳುಮಾಡುತ್ತದೆ, ನಾಯಿಯ ಮೂತ್ರದಿಂದ ಮನುಷ್ಯರಿಗೂ ಹರಡುತ್ತದೆ. ಮೊದಲಿಗೆ ಎರಡರಿಂದ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷಕ್ಕೊಮ್ಮೆ. ಒಂದೇ ಡೋಸಿಗೆ ನಿಲ್ಲಿಸಿದರೆ ರಕ್ಷಣೆ ಬರುವುದಿಲ್ಲ. ಎಲ್ಲ ಬಗೆಯ ಲೆಪ್ಟೋವನ್ನೂ ಲಸಿಕೆ ತಡೆಯದು, ಹಾಗಾಗಿ ಗುಂಡಿಯ ನೀರು ಕುಡಿಯಲು ಬಿಡಬಾರದು. ಡಿಸ್ಟೆಂಪರ್, ಪಾರ್ವೊ ಲಸಿಕೆಗಳು ಆರರಿಂದ ಎಂಟು ವಾರಕ್ಕೆ ಶುರುವಾಗಿ 16 ವಾರ ತುಂಬುವವರೆಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ನಡೆಯಬೇಕು. ತಾಯಿಯಿಂದ ಬಂದ ಪ್ರತಿಕಾಯಗಳು ಮೊದಲಿನ ಡೋಸುಗಳನ್ನು ಕೆಲಸ ಮಾಡಲು ಬಿಡದೆ ಇರುವುದರಿಂದ ಕೊನೆಯ ಡೋಸ್ ತಪ್ಪಿಸಲೇಬಾರದು. ರೇಬಿಸ್ ಲಸಿಕೆ 12 ವಾರ ಕಳೆದ ಮೇಲೆ. ಜಂತುಹುಳುವಿನ ಔಷಧಿ ಎರಡನೇ ವಾರದಿಂದ ಎರಡು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಅಲ್ಲಿಂದ ಮೂರು ತಿಂಗಳಿಗೊಮ್ಮೆ, ಪ್ರತಿ ಬಾರಿಯೂ ಅಂದಿನ ತೂಕ ನೋಡಿ. ಉಣ್ಣೆಗೆ ತಿಂಗಳ ಔಷಧಿ ಇದ್ದರೂ ಸುತ್ತಾಡಿ ಬಂದ ಮೇಲೆ ಕಿವಿಯ ಒಳಮಡಿಕೆ, ಬೆರಳ ಸಂದು, ಕಂಕುಳು, ಬಾಲದ ಬುಡವನ್ನು ಕೈಯಾಡಿಸಿ ನೋಡಿ. ಅಂಟಿದ ಉಣ್ಣೆಯನ್ನು ಅದೇ ದಿನ ಕಿತ್ತರೆ ಬಬೀಸಿಯಾ ರೋಗಾಣು ನಾಯಿಗೆ ದಾಟುವ ಸಂಭವ ಬಹಳ ಕಡಿಮೆ.

ಕಿಡ್ನಿಗೆ ವಿಷವಾಗುವ ವಸ್ತುಗಳು ಮನೆಯಲ್ಲೇ ಇರುತ್ತವೆ. ದ್ರಾಕ್ಷಿ, ಒಣದ್ರಾಕ್ಷಿಗೆ ಇಷ್ಟಾದರೆ ತೊಂದರೆಯಿಲ್ಲ ಎನ್ನುವ ಪ್ರಮಾಣವೇ ಇಲ್ಲ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ಮನುಷ್ಯರ ನೋವಿನ ಮಾತ್ರೆ, ವಿಟಮಿನ್ ಡಿ ಹನಿ, ಇಲಿಪಾಷಾಣ, ಕಾರಿನ ಕೂಲೆಂಟ್ ಇವೆಲ್ಲ ನಾಯಿಯ ಬಾಯಿಗೆ ಎಟುಕದಂತೆ ಮುಚ್ಚಿಡಬೇಕು. ತಿಂದದ್ದು ಗೊತ್ತಾದರೆ ಲಕ್ಷಣ ಬರಲಿ ಎಂದು ಕಾಯದೆ, ಪೊಟ್ಟಣವನ್ನೂ ಹಿಡಿದುಕೊಂಡು ತಕ್ಷಣ ಹೊರಡಿ.

ನಾಯಿ ಆರೋಗ್ಯವಾಗಿರುವಾಗಲೇ, ಮೊದಲ ವರ್ಷದ ಬೂಸ್ಟರ್ ಲಸಿಕೆಗೆ ಹೋದ ದಿನ, ಬೆಳಗಿನ ಮೂತ್ರವನ್ನೂ ಜೊತೆಗೆ ಒಯ್ಯಿರಿ. ಆ ದಿನದ ತೂಕ, ಸ್ಪೆಸಿಫಿಕ್ ಗ್ರಾವಿಟಿ, ಪ್ರೋಟೀನ್, ಕ್ರಿಯಾಟಿನಿನ್ ನಾಲ್ಕನ್ನೂ ಲಸಿಕೆಯ ಪುಸ್ತಕದ ಹಿಂದಿನ ಪುಟದಲ್ಲಿ ದಿನಾಂಕ ಹಾಕಿ ಬರೆದಿಡಿ. ಮುಂದೆ ಎಂದಾದರೂ ಕ್ರಿಯಾಟಿನಿನ್ ‘ನಾರ್ಮಲ್’ ಎಂಬ ಮಿತಿಯೊಳಗೇ ಇದ್ದು ನಿಮ್ಮ ನಾಯಿಯ ಹಳೆಯ ಸಂಖ್ಯೆಗಿಂತ ಮೇಲೇರಿದ್ದರೆ, ಆ ಪುಟವನ್ನು ವೈದ್ಯರಿಗೆ ತೋರಿಸಿ.